ಹೊಟ್ಟೆಯ ಸಿಟಿಗೆ ಮೊದಲು ಕುಡಿಸುವ ಆ ಒಂದು ಜಗ್ ನೀರು

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಸಿಟಿ ಟೆಕ್ನಿಷಿಯನ್. ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಮಷೀನಿಗೆ ಹಿಡಿಯುವ ಹೊತ್ತು ಕಡಿಮೆ. ಚಿತ್ರ ತೆಗೆಯಲು ಕೆಲವು ಸೆಕೆಂಡು ಸಾಕು. ಅದಕ್ಕೂ ಮೊದಲು ಪೇಷಂಟ್ ಹೊರಗಿನ ಬೆಂಚಿನ ಮೇಲೆ ಒಂದು ತಾಸು, ಒಮ್ಮೊಮ್ಮೆ ಒಂದೂವರೆ ತಾಸು, ಜಗ್ ಹಿಡಿದು ಕೂತಿರುತ್ತಾರೆ. ಕರುಳು ತುಂಬಿ ಚಿತ್ರದಲ್ಲಿ ಬೇರೆಯಾಗಿ ಕಾಣಲೆಂದು ಕುಡಿಸುವ ನೀರು ಅದು, ಹೆಚ್ಚಾಗಿ ಔಷಧಿ ಕಲೆಸಿದ್ದು. ರಿಪೋರ್ಟ್ ಸ್ಪಷ್ಟವಾಗಿ ಬರುತ್ತದೋ ಇಲ್ಲವೋ ಎನ್ನುವುದು ಬಹಳ ಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಹೊಸದಾಗಿ ಸೇರುವ ಹುಡುಗರು ಮಷೀನಿನ ಬಟನ್ ಬೇಗ ಕಲಿಯುತ್ತಾರೆ, ಜಗ್ಗಿನ ಕೆಲಸವನ್ನು ಆಯಾಗೆ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ.

ಖಾಲಿ ಕರುಳು ಮಡಚಿಕೊಂಡು ಬಿದ್ದಿರುತ್ತದೆ. ಸಿಟಿಯಲ್ಲಿ ಅದು ಒಮ್ಮೊಮ್ಮೆ ಗಂಟಿನ ಹಾಗೆ, ಒಮ್ಮೊಮ್ಮೆ ಕೀವಿನ ಗಡ್ಡೆಯ ಹಾಗೆ ಕಾಣುತ್ತದೆ. ಹೊಟ್ಟೆಯೊಳಗೆ ಕೊಬ್ಬು ಚೆನ್ನಾಗಿದ್ದರೆ ಅಷ್ಟು ತೊಂದರೆಯಿಲ್ಲ. ಸಿಟಿಯಲ್ಲಿ ಕೊಬ್ಬು ಕಪ್ಪಾಗಿ ಬರುವುದರಿಂದ ಕರುಳು ಯಾವುದು, ಗಂಟು ಯಾವುದು ಎಂದು ಬೇರೆಬೇರೆಯಾಗಿ ತಿಳಿಯುತ್ತದೆ. ಆದರೆ ರೋಣ, ಮುಂಡರಗಿ, ಸವಣೂರು ಕಡೆಯಿಂದ ನಮ್ಮಲ್ಲಿಗೆ ಬರುವವರಲ್ಲಿ ತಿಂಗಳುಗಟ್ಟಲೆ ಜ್ವರ, ಹೊಟ್ಟೆನೋವು ತಿಂದು ಒಣಗಿಹೋದವರು ಬಹಳ. ಒಳಗೆ ಕೊಬ್ಬೇ ಇರುವುದಿಲ್ಲ, ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಈಗಿನ ಮಷೀನಿಗೆ ಬಾಯಿಂದ ಏನೂ ಕೊಡುವುದು ಬೇಡ ಎನ್ನುವ ಡಾಕ್ಟರರಿದ್ದಾರೆ, ತುರ್ತು ಕೇಸುಗಳಲ್ಲಿ ಅವರ ಮಾತು ಸರಿಯೂ ಹೌದು. ಇಂಥ ಸೊರಗಿದ ಮೈಯವರ ವಿಷಯದಲ್ಲಿ ಮಾತ್ರ ಕುಡಿಸಿದ್ದು ವ್ಯರ್ಥ ಆಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಹಾಗಂತ ಬಂದವರಿಗೆಲ್ಲ ಒಂದೇ ಜಗ್ ಅಲ್ಲ. ಮೊದಲು ಚೀಟಿ ಓದುತ್ತೇನೆ: ಕಳಿಸಿದ ಡಾಕ್ಟರಿಗೆ ಏನು ತಿಳಿಯಬೇಕಾಗಿದೆ? ಕಿಡ್ನಿ ಕಲ್ಲಿನ ಕೇಸಾದರೆ ಔಷಧಿ ನೀರು ಬೇಡವೇ ಬೇಡ. ಚಿತ್ರದಲ್ಲಿ ಕಲ್ಲೂ ಬೆಳ್ಳಗೆ, ಔಷಧಿಯೂ ಬೆಳ್ಳಗೆ, ಹುಡುಕುವುದು ಎಲ್ಲಿ? ಅವರಿಗೆ ಸಾದಾ ನೀರು ಕುಡಿಸಿ ಮೂತ್ರಚೀಲ ತುಂಬಿಸಿದರೆ ಆಯಿತು. ಕರುಳಿನೊಳಗೆ ರಕ್ತ ಸೋರುತ್ತಿದೆ ಎಂಬ ಅನುಮಾನವಿದ್ದರೂ ಹಾಗೇ, ಬಿಳಿ ಔಷಧಿ ಕೊಟ್ಟರೆ ಸೋರಿಕೆ ಅದರಲ್ಲೇ ಮುಚ್ಚಿಹೋಗುತ್ತದೆ. ಮೇದೋಜೀರಕ ಗ್ರಂಥಿ ನೋಡಬೇಕಾದರೆ ಟೇಬಲ್ ಹತ್ತುವ ಮುಂಚೆ ಎರಡು ಮೂರು ಗ್ಲಾಸ್ ಸಾದಾ ನೀರು. ಕರುಳು ಕಟ್ಟಿ ವಾಂತಿ ಆಗುತ್ತಿರುವವರಿಗೆ ಒಂದು ಗುಟುಕೂ ಕೊಡುವುದಿಲ್ಲ. ಕರುಳಿನಲ್ಲಿ ತುಂಬಿ ನಿಂತ ನೀರೇ ಎಲ್ಲವನ್ನೂ ತೋರಿಸುತ್ತದೆ, ಮೇಲೆ ಕುಡಿಸಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯ. ಕರುಳು ತೂತು ಬಿದ್ದಿರುವ ಶಂಕೆ ಇದ್ದಲ್ಲಿ ನೀರಿನಲ್ಲಿ ಕರಗದ ಬೇರಿಯಂ ಎಂಬ ಬಿಳಿ ಔಷಧಿಯನ್ನು ಹತ್ತಿರವೂ ತರಬಾರದು. ಅದು ಹೊಟ್ಟೆಯೊಳಗೆ ಚೆಲ್ಲಿದರೆ ಕೆಟ್ಟ ಉರಿಯೂತವಾಗುತ್ತದೆ. ಆಪರೇಷನ್ ಆದಮೇಲೆ ಹೊಲಿಗೆ ಸೋರುತ್ತಿದೆಯೇ, ಎಲ್ಲಾದರೂ ಕೀವು ಕಟ್ಟಿದೆಯೇ ಎಂದು ನೋಡಲು ನೀರಿನಲ್ಲಿ ಕರಗುವ ಅಯೋಡಿನ್ ಔಷಧಿ ಬೇಕು.

ಆ ಅಯೋಡಿನ್ ಔಷಧಿಯನ್ನು ಕಲೆಸುವಾಗ ಕಣ್ಣಳತೆ ನಡೆಯದು. ನರಕ್ಕೆ ಕೊಡುವ 300ರ (ಮಿ.ಲೀ.ಗೆ 300 ಮಿ.ಗ್ರಾಂ ಅಯೋಡಿನ್) ಬಾಟಲಿಯದೇ ಆದರೆ ಲೀಟರ್ ನೀರಿಗೆ 20ರಿಂದ 30 ಮಿ.ಲೀ. ಸಿರಿಂಜಿನಿಂದ ಅಳೆದು ಹಾಕುತ್ತೇನೆ. ದಪ್ಪ ಮಾಡಿದರೆ ಚೆನ್ನಾಗಿ ಕಾಣುತ್ತದೆ ಎಂದು ಕೆಲವರ ನಂಬಿಕೆ. ದಪ್ಪವಾದರೆ ಚಿತ್ರದ ತುಂಬ ಬಿಳಿ ಗೆರೆಗಳು ಹರಡುತ್ತವೆ, ಪಕ್ಕದ್ದೂ ಕಾಣುವುದಿಲ್ಲ. ಹಿಂದಿನ ವಾರ ಬೇರಿಯಂ ಎಕ್ಸ್‌ರೇ ಮಾಡಿಸಿಕೊಂಡು ಬಂದವರಲ್ಲೂ ಇದೇ ಕಾಟ. ಹಾಗಾಗಿ ಅದನ್ನು ಫೋನಿನಲ್ಲೇ ಕೇಳಿಬಿಡುತ್ತೇನೆ. ಕುಡಿದ ಔಷಧಿ ಮೈಗೆ ಹತ್ತುವುದು ತೀರ ಕಡಿಮೆ. ಆದರೂ "ಹಿಂದೆ ಸ್ಕ್ಯಾನಿಂಗ್ ಇಂಜೆಕ್ಷನ್ ಕೊಟ್ಟಾಗ ಮೈಮ್ಯಾಲೆ ಪಿತ್ತದ ಗಂಧಿ ಎದ್ದಿದ್ವೇನ್ರಿ?" ಎಂಬ ಪ್ರಶ್ನೆ ಬಿಡುವುದಿಲ್ಲ. ಹೌದು ಅಂದರೆ ಜಗ್ ಅಲ್ಲೇ ನಿಲ್ಲುತ್ತದೆ, ರೇಡಿಯಾಲಜಿಸ್ಟ್ ಬರುತ್ತಾರೆ. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನ ಕೇಳುವುದನ್ನು ಸಿಸ್ಟರ್ ಒಳಗೆ ಕರೆದುಕೊಂಡು ಹೋಗಿ ಮಾಡುತ್ತಾರೆ. ಅತ್ತೆಯ ಎದುರಿಗೆ ಕೇಳಿದರೆ ನಿಜ ಬರುವುದಿಲ್ಲ.

ಸಣ್ಣಕರುಳನ್ನೇ ನೋಡಬೇಕಾದಾಗ, ಕರುಳಿನ ಟಿ.ಬಿ.ಯೋ ಕ್ರಾನ್ಸ್ ಕಾಯಿಲೆಯೋ (ಕರುಳಿನ ದೀರ್ಘಕಾಲದ ಉರಿಯೂತ) ಎಂಬ ಗೊಂದಲ ಇದ್ದಾಗ, ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಔಷಧಿ ಕೊಡುತ್ತೇವೆ. ಸಿಗುವುದು 20 ಪರ್ಸೆಂಟಿನ ಬಾಟಲಿ. ಒಂದೂವರೆ ಲೀಟರ್ ಅಳತೆಯಲ್ಲಿ ಅದು 225 ಮಿ.ಲೀ., ಉಳಿದದ್ದು ನೀರು, ಆಗ 3 ಪರ್ಸೆಂಟ್ ಆಗುತ್ತದೆ. ಕರುಳು ಅದನ್ನು ಹೀರಿಕೊಳ್ಳದ ಕಾರಣ ನೀರು ಒಳಗೇ ನಿಂತು ಕರುಳನ್ನು ಹಿಗ್ಗಿಸುತ್ತದೆ. ಒಳಗಿನದು ನೀರಿನ ಬಣ್ಣದಲ್ಲೇ ಇರುವುದರಿಂದ, ನರಕ್ಕೆ ಇಂಜೆಕ್ಷನ್ ಹೋದಾಗ ಕರುಳಿನ ಗೋಡೆ ಎಲ್ಲೆಲ್ಲಿ ದಪ್ಪವಾಗಿದೆ, ಎಲ್ಲೆಲ್ಲಿ ಹೊಳೆಯುತ್ತದೆ ಎನ್ನುವುದು ಎದ್ದು ಕಾಣುತ್ತದೆ. ಇಲ್ಲಿ ಗಡಿಯಾರವೇ ಯಜಮಾನ. ಕುಡಿಯಲು ಶುರುಮಾಡಿದ ಮುಕ್ಕಾಲು ತಾಸಿನಿಂದ ಒಂದು ತಾಸಿನೊಳಗೆ ಟೇಬಲ್ ಮೇಲೆ ಇರಬೇಕು. ತಡವಾದರೆ ಎಲ್ಲ ದೊಡ್ಡಕರುಳಿಗೆ ಇಳಿದುಹೋಗಿರುತ್ತದೆ. ಹೀಗಾಗಿ ಮಷೀನ್ ಖಾಲಿಯಾಗುವ ಹೊತ್ತು ನೋಡಿಕೊಂಡು ಮೊದಲ ಗ್ಲಾಸ್ ಕೊಡುತ್ತೇನೆ; ಅಷ್ಟರಲ್ಲಿ ಅಪಘಾತದ ಕೇಸು ಬಂದರೆ ಮಾತ್ರ ನಮ್ಮ ಲೆಕ್ಕವೆಲ್ಲ ತಲೆಕೆಳಗು.

ಕುಡಿಸುವುದು ಇನ್ನೊಂದು ವಿದ್ಯೆ. ಜಗ್ಗಿನ ಮೇಲೆ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಪೆನ್ನಿನಿಂದ ಗೆರೆ ಹಾಕಿರುತ್ತೇನೆ. ಪ್ರತಿ ಗೆರೆಯ ಮುಂದೆ ಹೊತ್ತು ಬರೆದಿರುತ್ತದೆ: 9:00, 9:15, 9:30. ಓದಲು ಬಾರದವರ ಜೊತೆ ಬಂದ ಮೊಮ್ಮಗನಿಗೆ ಆ ಪಟ್ಟಿ ಒಪ್ಪಿಸಿದರೆ ಅವನು ಪೊಲೀಸರಿಗಿಂತ ಬಿಗಿ. ಒಮ್ಮೆ ಹಾವೇರಿ ಕಡೆಯ ಒಬ್ಬ ಅಜ್ಜ ಮೂರನೇ ಗೆರೆಗೆ ಬಂದು ಗ್ಲಾಸ್ ಕೆಳಗಿಟ್ಟರು.

"ತಮ್ಮಾ, ಸಾಕ್ ಬಿಡೋ. ಹೊಟ್ಟಿ ಹಲಗಿ ಆಗೇತಿ."

"ಇನ್ನ ಎರಡ ಗ್ಲಾಸ್ ಅಷ್ಟ ಉಳದೈತ್ರಿ ಯಜ್ಜಾರ. ಒಂದ ಈಗ, ಒಂದ ಒಳಗ ಮಲಗೂ ಮುಂದ."

"ಮಲಗೂ ಮುಂದೂ ಐತೇನೋ?"

ಆ ಕೊನೆಯ ಗ್ಲಾಸನ್ನು ಯಾರಿಗೂ ಮಾಫ್ ಮಾಡುವುದಿಲ್ಲ. ಮೊದಲು ಕುಡಿದದ್ದು ಆಗಲೇ ಕೆಳಗೆ ಇಳಿದಿರುತ್ತದೆ. ಜಠರ ಮತ್ತು ಕರುಳಿನ ಮೊದಲ ಭಾಗ ತುಂಬುವುದು ಟೇಬಲ್ ಹತ್ತುವ ಮುಂಚಿನ ಗ್ಲಾಸಿನಿಂದಲೇ. ನಾಲ್ಕೈದು ನಿಮಿಷ ಅಡ್ಡಾಡಿ ಬರ್ರಿ ಎಂದೆ, ಅಜ್ಜ ಅಡ್ಡಾಡಿ ಬಂದು ಕುಡಿದರು. ತಣ್ಣಗಿದ್ದರೆ ಕಹಿ ಅಷ್ಟು ತಿಳಿಯುವುದಿಲ್ಲ, ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರಿನಲ್ಲೇ ಕಲೆಸುತ್ತೇನೆ. ಸಕ್ಕರೆ ಕಾಯಿಲೆ ಇಲ್ಲದವರಿಗೆ ಲಿಂಬೆ ಶರಬತ್ತಿನಲ್ಲಿ ಹಾಕಿಕೊಟ್ಟದ್ದೂ ಉಂಟು. ಕಣ್ಣು ತಪ್ಪಿಸಿ ಮೂಲೆಯ ಹೂಕುಂಡಕ್ಕೆ ಸುರಿಯುವವರೂ ಇದ್ದಾರೆ. ಅವರಿಗೆ ಗೊತ್ತಿಲ್ಲ, ಒಳಗೆ ಮೊದಲ ಚಿತ್ರ ಬಂದಕೂಡಲೇ ಗುಟ್ಟು ರಟ್ಟಾಗುತ್ತದೆ.

ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಎನ್ನುವುದಕ್ಕಿಂತ "ನಾಷ್ಟಾ ಬ್ಯಾಡ, ಚಹಾ ಬ್ಯಾಡ, ಎಲಿ-ಅಡಕಿ ಬ್ಯಾಡ, ನೀರ ಕುಡೀರಿ, ಬಿ.ಪಿ. ಗುಳಿಗಿ ತಗೋರಿ" ಎಂದು ಒಂದೊಂದಾಗಿ ಹೇಳುವುದು ಲೇಸು. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ವಿಷಯ ಅವರ ಡಾಕ್ಟರನ್ನೇ ಕೇಳಲು ಹೇಳಿ, ಅವರಿಗೆ ಮೊದಲ ಪಾಳಿ ಕೊಡುತ್ತೇನೆ. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಹೇಳಿದ ಹೊತ್ತಿಗೆ ಬರುತ್ತಾರೆ. ಶಿರಹಟ್ಟಿ, ಹಾನಗಲ್ಲಿನಿಂದ ಮೊದಲ ಬಸ್ಸಿಗೆ ಹೊರಟವರು ಉಪವಾಸದಲ್ಲೇ ಬಹಳ ಹೊತ್ತು ಕಳೆದಿರುತ್ತಾರೆ, ಅವರನ್ನು ಸುಮ್ಮನೆ ಕಾಯಿಸಬಾರದು. ರೋಜಾ ಇದ್ದವರು, ಶ್ರಾವಣ ಸೋಮವಾರದ ಒಪ್ಪತ್ತಿನವರು ಗ್ಲಾಸ್ ಕಂಡರೆ ಹಿಂಜರಿಯುತ್ತಾರೆ. ತುರ್ತು ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಬೇರೆ ದಿನ ಕೊಡುತ್ತೇವೆ, ತುರ್ತಿದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡುತ್ತೇವೆ.

ಸ್ಕ್ಯಾನ್ ಮುಗಿದ ಮೇಲೆ ಮ್ಯಾನಿಟಾಲ್ ಕುಡಿದವರನ್ನು ತಕ್ಷಣ ಬಿಡುವುದಿಲ್ಲ. ಹೊಟ್ಟೆ ಗುಡುಗುಡು ಅನ್ನುತ್ತದೆ, ಭೇದಿ ಆಗುತ್ತದೆ. ನರಗುಂದದ ಬಸ್ಸಿನ ನಡುದಾರಿಯಲ್ಲಿ ಹಾಗಾದರೆ ಆ ಮನುಷ್ಯ ಮತ್ತೆ ಯಾವ ಸ್ಕ್ಯಾನಿಂಗಿಗೂ ಬರಲಾರ. ಸಂಡಾಸು ಎಲ್ಲಿದೆ ಎಂದು ಕುಡಿಸುವ ಮೊದಲೇ ತೋರಿಸಿ, ಆಮೇಲೆ ಎರಡು ತಾಸು ನಮ್ಮಲ್ಲೇ ಕೂರಿಸುತ್ತೇನೆ. ಸದ್ಯದಲ್ಲೇ ಕೊಲೊನೋಸ್ಕೋಪಿ (ದೊಡ್ಡಕರುಳಿಗೆ ಕ್ಯಾಮೆರಾ ನಳಿಗೆ ಹಾಕಿ ನೋಡುವುದು) ಇದ್ದರೆ ಮ್ಯಾನಿಟಾಲ್ ಕುಡಿದದ್ದನ್ನು ಅಲ್ಲಿಯ ಡಾಕ್ಟರಿಗೆ ಹೇಳಲೇಬೇಕು. ಅದರಿಂದ ದೊಡ್ಡಕರುಳಿನಲ್ಲಿ ಹೈಡ್ರೋಜನ್ ಗ್ಯಾಸ್ ಕಟ್ಟಬಹುದು, ಕರೆಂಟಿನಿಂದ ಸುಡುವ ಉಪಕರಣ ಹಾಕಿದಾಗ ಅದು ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಡುತ್ತೇನೆ, ಬಾಯಿಮಾತಿಗೆ ಬಿಡುವುದಿಲ್ಲ.