ನಾಲ್ಕನೇ ಸಲಕ್ಕೆ ಉಬ್ಬಿದ ಯುಗ್ವಾ

ಯುಗ್ವಾ ಎಂದರೆ ಅಕ್ಕಿ ಹಿಟ್ಟಿನ ತುಂಡನ್ನು ಕರಿದು ಉಬ್ಬಿಸಿ ಪಾಕ ಹಚ್ಚುವ ಕೊರಿಯಾದ ಸಿಹಿತಿಂಡಿ. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಸೊಲ್ಲಾಲ್ ಹಬ್ಬಕ್ಕೆ, ಅಂದರೆ ಇಲ್ಲಿನ ಚಾಂದ್ರಮಾನ ಹೊಸ ವರ್ಷಕ್ಕೆ, ಅಂಗಡಿಯಿಂದಲೇ ತಂದುಬಿಡಿ ಎಂದು ದಕ್ಷಿಣ ಕೊರಿಯಾದ ಸುವನ್‌ನ ನಮ್ಮ ಅಪಾರ್ಟ್‌ಮೆಂಟಿನ ಅಜ್ಜಿಯರೆಲ್ಲ ಹೇಳಿದ್ದರು. ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೇ ಸಲ ಕಿರುಬೆರಳಿನಷ್ಟಿದ್ದ ತುಂಡು ಹೆಬ್ಬೆರಳನ್ನೂ ಮೀರಿ ಉಬ್ಬಿತು. ಮುರಿದರೆ ಒಳಗೆಲ್ಲ ಜೇಡರ ಬಲೆಯಂಥ ಎಳೆ. ಅಜ್ಜಿಯರು ಡಬ್ಬಿ ಖಾಲಿ ಮಾಡಿಯೇ ಎದ್ದರು!

ಅಕ್ಕಿ ಚಪ್‌ಸಲ್ಲೇ ಆಗಬೇಕು, ಅಂದರೆ ಅಂಟಕ್ಕಿ. ಇಡ್ಲಿ ಅಕ್ಕಿಯಲ್ಲೂ ಮಾಡಿ ನೋಡಿದೆ, ಸಂಡಿಗೆಯಾಯಿತು. 1 ಕೆ.ಜಿ. ಅಕ್ಕಿಯನ್ನು ನೀರು ಬದಲಿಸದೆ ಹತ್ತು ದಿನ ನೆನೆಸಿದೆ. ಮೇಲೆ ನೊರೆ ಕಟ್ಟಿ, ಮೂರು ದಿನ ಮರೆತ ದೋಸೆಹಿಟ್ಟಿನ ವಾಸನೆ ಬರುತ್ತದೆ, ಹೆದರಬೇಡಿ. ಕಾಳು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಮೊದಲ ಸಲ ಒಂದೇ ರಾತ್ರಿ ನೆನೆಸಿದ್ದೆ, ತುಂಡುಗಳು ಎಣ್ಣೆಯಲ್ಲಿ ಕಲ್ಲಿನಂತೆ ಕೂತವು. ಏಳೆಂಟು ನೀರಲ್ಲಿ ತೊಳೆದು, ನೀರು ಬಸಿದು, ಮಿಲ್ಲಿನಲ್ಲಿ ಹಸಿಯಾಗಿಯೇ ಪುಡಿ ಮಾಡಿಸಿ ಜರಡಿ ಹಿಡಿದೆ.

ಆ ಹಿಟ್ಟಿಗೆ ಅರ್ಧ ಲೋಟ ಸೋಜು ಎಂಬ ಇಲ್ಲಿನ ಮದ್ಯ, ಎರಡು ಚಮಚ ಸೋಯಾಕಾಳು ನೆನೆಸಿ ರುಬ್ಬಿದ ನೀರು ಅರ್ಧ ಲೋಟ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಿದರೆ ಸಾಕು. ಮುಕ್ಕಾಲು ಗಂಟೆ ಹಬೆ. ಆಮೇಲೆ ಬಿಸಿಯಿರುವಾಗಲೇ ಒನಕೆಯಂಥ ಕೋಲಿನಿಂದ ಚಚ್ಚಬೇಕು. ಇದಕ್ಕೆ ಇಲ್ಲಿ ಕ್ವಾರಿಚಿಗಿ ಎನ್ನುತ್ತಾರೆ. ಎತ್ತಿದರೆ ಎಳೆ ಉದ್ದಕ್ಕೆ ಬಂದು, ಮೈ ಬೆಳ್ಳಗಾಗಿ ಸಣ್ಣ ಗುಳ್ಳೆ ಕಾಣುವವರೆಗೆ, ಸುಮಾರು ಹದಿನೈದು ನಿಮಿಷ. ಉಬ್ಬುವುದಕ್ಕೆ ಬೇಕಾದ ಗಾಳಿ ಒಳಸೇರುವುದೇ ಇಲ್ಲಿ. ಎರಡನೇ ಸಲ ತೋಳು ಸೋತು ಐದು ನಿಮಿಷಕ್ಕೆ ನಿಲ್ಲಿಸಿದ್ದೆ, ಅರ್ಧ ಉಬ್ಬಿ ನಿಂತವು.

ಪಿಷ್ಟ ಉದುರಿಸಿದ ಹಲಗೆಯ ಮೇಲೆ ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಸ್ವಲ್ಪ ಬಿಗಿದ ಮೇಲೆ ಒಂದಕ್ಕೆ ಮೂರು ಸೆಂ.ಮೀ. ತುಂಡು ಮಾಡಿ. ಈ ತುಂಡುಗಳೇ ಬಂದೇಗಿ. ಮೂರನೇ ಸಲ ಕೈಕೊಟ್ಟದ್ದು ಇವನ್ನು ಒಣಗಿಸುವಾಗ. ಫ್ಯಾನ್ ಕೆಳಗೆ ಇಟ್ಟೆ. ಮೈ ಬಿರಿಯಿತು, ಒಳಗೆ ಹಸಿ ಉಳಿಯಿತು, ಬಾಣಲೆಯಲ್ಲಿ ಪಟಪಟ ಸಿಡಿದು ಒಳಗೆ ಬರಿ ಟೊಳ್ಳು. ಈಗ ಒಂದೊಲ್, ಅಂದರೆ ಕೆಳಗಿಂದ ಬಿಸಿಯಾಗುವ ನೆಲ, ಅದರ ಮೇಲೆ ಹಾಳೆ ಹಾಸಿ, ಗಾಳಿ ತಾಗದಂತೆ ಬಟ್ಟೆ ಮುಚ್ಚಿ, ಆಗಾಗ ಮಗುಚುತ್ತ ಎರಡು ದಿನ. ಬಗ್ಗಿಸಿದರೆ ಚೂರು ಬಗ್ಗಿ ಟಕ್ಕೆಂದು ಮುರಿದರೆ ಹದ. ಅತಿ ಒಣಗಿದ್ದರೆ ಸೋಜು ಚಿಮುಕಿಸಿ ಚೀಲದಲ್ಲಿ ಒಂದು ರಾತ್ರಿ ಕಟ್ಟಿಡಿ.

ಬಾಣಲೆ ಎರಡು. ಮೊದಲನೆಯದರ ಎಣ್ಣೆ 100 ಡಿಗ್ರಿ ಹತ್ತಿರ. ತುಂಡು ಮೆತ್ತಗಾಗಿ ಮೈ ಬಿಡುವವರೆಗೆ. ಆಮೇಲೆ 160ರ ಆಸುಪಾಸಿನದಕ್ಕೆ ಹಾಕಿ, ಎರಡು ಚಮಚದಿಂದ ಒತ್ತಿ ನೇರ ಹಿಡಿಯಿರಿ, ಇಲ್ಲವಾದರೆ ಸೊಟ್ಟಗಾಗುತ್ತವೆ. ಯಾವ ಸದ್ದು ಕೇಳಿದಾಗ ಮೊದಲ ಬಾಣಲೆಯಿಂದ ಎತ್ತುತ್ತೇನೆ ಎನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಏರ್‌ಫ್ರೈಯರಿನಲ್ಲೂ ಹಾಕಿ ನೋಡಿದೆ. ಒಂದು ಪಕ್ಕ ಉಬ್ಬಿತು, ಇನ್ನೊಂದು ಪಕ್ಕ ಬಿಸ್ಕತ್ತು.

ಅಕ್ಕಿ 5,000 ವೊನ್, ಸೋಜು 2,000, ಎಣ್ಣೆ ಅದಕ್ಕೂ ಹೆಚ್ಚು. ಮೂರು ಸೋಲಿಗೆ ಸುಮಾರು 40,000 ವೊನ್ ಹೋಯಿತು. ಹೆಚ್ಚಿನದು ಎಣ್ಣೆಯ ಲೆಕ್ಕವೇ.

ಲೇಪಕ್ಕೆ ಜೋಚಂಗ್, ಅಂದರೆ ಅಕ್ಕಿಯ ಪಾಕ. ಶುಂಠಿ ರಸ ಬೆರೆಸಿ ಬೆಚ್ಚಗೆ ಮಾಡಿ, ತೆಳ್ಳಗೆ ಹಚ್ಚಿ, ಅಂಟಕ್ಕಿಯ ಅರಳಿನಲ್ಲಿ ಹೊರಳಿಸುವುದು. ಶುಂಠಿ ಎಷ್ಟು ಎಂದು ಅಜ್ಜಿಯರು ಕೇಳಿದರು, ಅವರಿಗೂ ಹೇಳಿಲ್ಲ. ಊರಿಂದ ತಂದ ಬೆಲ್ಲದ ಪಾಕದಲ್ಲೂ ಇಪ್ಪತ್ತು ತುಂಡು ಮುಳುಗಿಸಿದೆ. ರುಚಿ ಜೋಚಂಗಿಗಿಂತ ಮೇಲು, ಸುಳ್ಳಲ್ಲ. ಆದರೆ ಮೂರನೇ ದಿನಕ್ಕೆ ಬೆವರಿ, ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿ, ಚಾಕುವಿನಿಂದ ಕೀಳಬೇಕಾಯಿತು.