ವಿಳಾಸದಲ್ಲಿರುವ ಊರೇ ನಿಮ್ಮನ್ನು ಆಳುತ್ತದೆಯೇ? ಅಮೆರಿಕದ ಕೌಂಟಿಗಳ ಬಗ್ಗೆ

ಕರ್ನಾಟಕದ ಕಂದಾಯ ಆಡಳಿತದಲ್ಲಿ ಗೊಂದಲವಿಲ್ಲ. ಹಳ್ಳಿ ಹೋಬಳಿಗೆ ಸೇರುತ್ತದೆ, ಹೋಬಳಿ ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ. ಅಮೆರಿಕಕ್ಕೆ ಬಂದ ನಮ್ಮವರು ಇಲ್ಲೂ ಅದೇ ಏಣಿಯನ್ನು ಹುಡುಕುತ್ತಾರೆ. ರಾಜ್ಯ, ಅದರೊಳಗೆ ಕೌಂಟಿ ಎನ್ನುವವರೆಗೆ ಲೆಕ್ಕ ಸರಿಹೋಗುತ್ತದೆ. ಅಲ್ಲಿಂದ ಕೆಳಗೆ ಗಡಿಗಳು ಒಂದನ್ನೊಂದು ದಾಟುತ್ತವೆ. ಬಾಡಿಗೆ ಮನೆಯಲ್ಲಿರುವಷ್ಟು ಕಾಲ ಇದು ಅಷ್ಟಾಗಿ ತಟ್ಟುವುದಿಲ್ಲ. ಮನೆ ಕೊಳ್ಳುವವರು ಮಾತ್ರ ಮುಂಗಡ ಕೊಡುವ ಮೊದಲೇ ತಿಳಿದಿರಬೇಕು.

ಟೆಕ್ಸಸ್ಸನ್ನೇ ನೋಡಿ. ಅಲ್ಲಿ 254 ಕೌಂಟಿಗಳಿವೆ, ಬೇರಾವ ರಾಜ್ಯದಲ್ಲೂ ಅಷ್ಟಿಲ್ಲ. ಡಲ್ಲಾಸಿನ ಉತ್ತರಕ್ಕೆ ಭಾರತೀಯರು ಬಹಳವಾಗಿ ನೆಲೆಸಿರುವ ಫ್ರಿಸ್ಕೋ ನಗರ ಕಾಲಿನ್ ಮತ್ತು ಡೆಂಟನ್ ಎಂಬ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ. ಸರ್ಕಾರಿ ಶಾಲೆಗಳನ್ನು ನಡೆಸುವ ಪ್ರತ್ಯೇಕ ಸಂಸ್ಥೆಯಾದ ಫ್ರಿಸ್ಕೋ ಶಾಲಾ ಜಿಲ್ಲೆ (ಸ್ಕೂಲ್ ಡಿಸ್ಟ್ರಿಕ್ಟ್) ನಗರದ ಗಡಿಗೆ ನಿಲ್ಲದೆ ಪ್ಲೇನೋ, ಮೆಕಿನ್ನಿ ನಗರಗಳ ಕೆಲವು ಭಾಗಗಳಿಗೂ ಚಾಚಿದೆ. ಹೀಗಾಗಿ ಪ್ಲೇನೋ ವಿಳಾಸದ ಮನೆಯ ಮಗು ಫ್ರಿಸ್ಕೋ ಶಾಲೆಗೆ ಹೋಗಬಹುದು. ವಿಳಾಸದಲ್ಲಿರುವ ಊರಿನ ಹೆಸರು ಮತ್ತು ಜಿಪ್ ಕೋಡ್ ಅಂಚೆಯವರ ಅನುಕೂಲಕ್ಕೆ ಇರುವಂಥವು. ಅವುಗಳನ್ನು ನಂಬಿ ಶಾಲೆ ನಿರ್ಧರಿಸಬೇಡಿ, ಮಾರಾಟದ ಜಾಹೀರಾತನ್ನೂ ನಂಬಬೇಡಿ. ಶಾಲಾ ಜಿಲ್ಲೆಯ ಜಾಲತಾಣದಲ್ಲಿ ಮನೆ ಸಂಖ್ಯೆ, ಬೀದಿಯ ಹೆಸರು ಹಾಕಿ ನೋಡಿ.

ಗಡಿಗಳೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು ಆಸ್ತಿ ತೆರಿಗೆಯ ಬಿಲ್ಲಿನಲ್ಲಿ. ಟೆಕ್ಸಸ್ಸಿನ ಬಿಲ್ಲಿನಲ್ಲಿ ಕೌಂಟಿಗೆ ಒಂದು ಸಾಲು, ನಗರಕ್ಕೆ ಒಂದು, ಶಾಲಾ ಜಿಲ್ಲೆಗೆ ಒಂದು, ಹಲವೆಡೆ ಸಮುದಾಯ ಕಾಲೇಜಿಗೂ ಒಂದು. ಸಾಮಾನ್ಯವಾಗಿ ದೊಡ್ಡ ಮೊತ್ತ ಶಾಲೆಯದೇ. ಹೊಸ ಬಡಾವಣೆಯಾದರೆ ನೀರು, ಒಳಚರಂಡಿಗಾಗಿ ರಚಿಸಿದ ಯುಟಿಲಿಟಿ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆಯ ತೆರಿಗೆಯೂ ಸೇರಬಹುದು. ಒಂದೇ ಬೆಲೆಯ ಎರಡು ಮನೆಗಳಿಗೆ ವರ್ಷಕ್ಕೆ ಸಾವಿರಾರು ಡಾಲರ್ ವ್ಯತ್ಯಾಸ ಬರುವುದು ಇಂಥ ಸಾಲುಗಳಿಂದಲೇ. ಆದ್ದರಿಂದ ಹಿಂದಿನ ವರ್ಷದ ಬಿಲ್ ಕೇಳಿ ಪಡೆದು, ಸಾಲು ಸಾಲಾಗಿ ಓದಿ. ಕೊಂಡ ಮೇಲೆ ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ. ತೆರಿಗೆಗಾಗಿ ಮಾಡಿದ ಮನೆಯ ಮೌಲ್ಯಮಾಪನ ಹೆಚ್ಚಾಯಿತು ಎನಿಸಿದರೆ ಮೇ 15ರೊಳಗೆ, ಇಲ್ಲವೇ ಅದರ ನೋಟಿಸ್ ಕಳುಹಿಸಿದ ದಿನದಿಂದ 30 ದಿನಗಳೊಳಗೆ, ಯಾವುದು ತಡವೋ ಅಲ್ಲಿಯವರೆಗೆ ಆಕ್ಷೇಪ ಸಲ್ಲಿಸಬಹುದು.

ಜಿಲ್ಲೆಗೆ ಜಿಲ್ಲಾಧಿಕಾರಿ ಇದ್ದಂತೆ ಇಲ್ಲಿ ಸರ್ಕಾರ ನೇಮಿಸಿದ ಅಧಿಕಾರಿ ಇರುವುದಿಲ್ಲ. ಟೆಕ್ಸಸ್ಸಿನಲ್ಲಿ ಕೌಂಟಿಯ ಆಡಳಿತ ನಡೆಸುವುದು ಕಮಿಷನರ್ಸ್ ಕೋರ್ಟ್; ಕೌಂಟಿ ಜಡ್ಜ್ ಒಬ್ಬರು, ಕಮಿಷನರ್‌ಗಳು ನಾಲ್ವರು. ಹೆಸರು ನ್ಯಾಯಾಲಯದ್ದಾದರೂ ಅಲ್ಲಿ ನಡೆಯುವುದು ಬಜೆಟ್, ರಸ್ತೆ, ಜೈಲಿನ ವಿಚಾರ. ಇವರಷ್ಟೇ ಅಲ್ಲ, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್, ದಾಖಲೆಗಳನ್ನು ನೋಡಿಕೊಳ್ಳುವ ಕೌಂಟಿ ಕ್ಲರ್ಕ್, ತೆರಿಗೆ ವಸೂಲಿ ಅಧಿಕಾರಿ ಕೂಡ ಸಾಮಾನ್ಯವಾಗಿ ಮತ ಪಡೆದೇ ಬರುತ್ತಾರೆ. ಮದುವೆಯ ಪರವಾನಗಿ ಮತ್ತು ಆಸ್ತಿ ಪತ್ರದ ದಾಖಲಾತಿಗೆ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಬೇಕು. ಕಾರಿನ ನೋಂದಣಿಗೆ ಕೌಂಟಿಯ ತೆರಿಗೆ ಕಚೇರಿಗೆ. ಚಾಲನಾ ಪರವಾನಗಿ ಮಾತ್ರ ರಾಜ್ಯದ ಕೆಲಸ.

ಯಾವ ನಗರಕ್ಕೂ ಸೇರದ ಜಾಗಗಳೂ ಉಂಟು. ಅಲ್ಲಿ ನಗರ ತೆರಿಗೆ ಇಲ್ಲ, ನಗರ ಪೊಲೀಸರೂ ಇಲ್ಲ, ಕರೆ ಶೆರಿಫ್ ಕಚೇರಿಗೆ ಹೋಗುತ್ತದೆ. ಭೂಬಳಕೆಯ ವಲಯ ಗೊತ್ತುಮಾಡುವ ಅಧಿಕಾರ ಟೆಕ್ಸಸ್ಸಿನ ಕೌಂಟಿಗಳಿಗೆ ಸಾಮಾನ್ಯವಾಗಿ ಇಲ್ಲ. ಪಕ್ಕದ ಖಾಲಿ ಜಾಗದಲ್ಲಿ ನಾಳೆ ಗೋದಾಮು ಎದ್ದರೆ ತಡೆಯುವುದು ಕಷ್ಟ. ನ್ಯೂಜೆರ್ಸಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿನ ಪ್ರತಿ ಅಂಗುಲ ನೆಲವೂ ಟೌನ್‌ಶಿಪ್, ಬರೋ, ನಗರ ಮುಂತಾದ ಯಾವುದಾದರೊಂದು ಸ್ಥಳೀಯ ಆಡಳಿತಕ್ಕೆ ಸೇರಿದೆ. ಉದಾಹರಣೆಗೆ, ಅಲ್ಲಿನ ಎಡಿಸನ್ ಎಂಬ ಊರು ಮಿಡಲ್‌ಸೆಕ್ಸ್ ಕೌಂಟಿಯ ಟೌನ್‌ಶಿಪ್.

ಉಳಿದ ರಾಜ್ಯಗಳೂ ತಮ್ಮದೇ ದಾರಿ ಹಿಡಿದಿವೆ. ಲೂಸಿಯಾನಾದಲ್ಲಿ ಕೌಂಟಿಗೆ ಬದಲು ಪ್ಯಾರಿಷ್ ಇದೆ. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರಗಳನ್ನು ರದ್ದುಮಾಡಿತು. ವರ್ಜೀನಿಯಾದ 38 ನಗರಗಳು ಯಾವ ಕೌಂಟಿಗೂ ಸೇರುವುದಿಲ್ಲ. ನ್ಯೂಯಾರ್ಕ್ ನಗರ ಒಂದೇ ಐದು ಕೌಂಟಿಗಳನ್ನು ಒಳಗೊಂಡಿದೆ. ಆ ನಗರದ ಭಾಗವಾದ ಬ್ರೂಕ್ಲಿನ್ನಿನ ಕೌಂಟಿಯ ಹೆಸರು ಕಿಂಗ್ಸ್.

ಈ ಚುನಾವಣೆಗಳಲ್ಲಿ ಮತ ಹಾಕಲು ಟೆಕ್ಸಸ್ಸಿನಲ್ಲಿ ಪೌರತ್ವ ಬೇಕು. ಸಭೆಗೆ ಹೋಗಲು ಬೇಕಿಲ್ಲ. ಶಾಲಾ ಮಂಡಳಿ ಮತ್ತು ಕಮಿಷನರ್ಸ್ ಕೋರ್ಟಿನ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಕಾರ್ಯಸೂಚಿಯಲ್ಲಿರುವ ವಿಷಯದ ಬಗ್ಗೆ ಮಾತನಾಡಲು ಅವಕಾಶ ಕೊಡಬೇಕೆಂದು 2019ರ ರಾಜ್ಯ ಕಾನೂನು ಹೇಳುತ್ತದೆ. ನಿಮ್ಮ ಬೀದಿಯ ಶಾಲೆಯನ್ನು ಬದಲಿಸುವ ಪ್ರಸ್ತಾಪ ಬಂದರೆ, ವೀಸಾದ ಮೇಲಿದ್ದರೂ ಹೆಸರು ಬರೆಸಿ ಮಾತನಾಡಿ.