ಬಂದೂಕಿನ ಬ್ಯಾರೆಲ್‌ಗೆ ಸೀಸ ಅಂಟುತ್ತಿದೆಯಾ? ಮೊದಲು ಅಳತೆ ನೋಡಿ

ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಇಲ್ಲಿ ಲೈಸೆನ್ಸ್ ಇಲ್ಲದೆ ಇದಕ್ಕೆ ಕೈ ಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಸುಮ್ನೆ ಬಿಡುವುದಿಲ್ಲ, ಹಾಗಾಗಿ ಇದು ಅಲ್ಲಿರುವವರಿಗೆ.

ಒಂದಷ್ಟು ಗುಂಡು ಹಾರಿಸಿದ ಮೇಲೆ ಬ್ಯಾರೆಲ್ ಒಳಗೆ ಬೂದು ಬಣ್ಣದ ಸೀಸದ ಪದರ ಕಟ್ಟುತ್ತದೆ, ಗುರಿ ಚದುರುತ್ತದೆ. ರೇಂಜ್‌ನಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಸೀಸ ಮೆತ್ತಗಾಯ್ತು, ಗಟ್ಟಿ ಮಾಡಿ.’ ಬಹಳ ಸಲ ಇದು ತಪ್ಪು ಮದ್ದು.

ಬಂದೂಕು ಖಾಲಿ ಇದೆಯೇ ಅಂತ ಎರಡು ಸಲ ನೋಡಿ. ಆಮೇಲೆ ಬ್ಯಾರೆಲ್ ಬಿಚ್ಚಿ, ರಿವಾಲ್ವರ್ ಆದರೆ ಸಿಲಿಂಡರ್ ಹೊರಗೆ ತೆಗೆದು, ಬೆಳಕಿಗೆ ಹಿಡಿದು ಸೀಸ ಎಲ್ಲಿ ಕೂತಿದೆ ಅಂತ ನೋಡಿ. ಗುಂಡು ಒಳಹೊಗುವ ತುದಿಯಲ್ಲೇ ಇದ್ದರೆ ಗುಂಡು ಸಣ್ಣದಾಗಿದೆ ಅನ್ನುವ ಅನುಮಾನ ಬಲವಾಗುತ್ತದೆ, ಯಾಕೆಂದರೆ ಸಂದಿಯಲ್ಲಿ ನುಗ್ಗುವ ಬಿಸಿ ಗ್ಯಾಸ್ ಸೀಸವನ್ನು ಕೊರೆದು ಗೋಡೆಗೆ ಬಳಿಯುತ್ತದೆ. ಗುಂಡು ಹೊರಬೀಳುವ ಬಾಯಿಯ ಕಡೆ ಇದ್ದರೆ, ಸಲೀಸಾಗಿ ಜಾರಲಿ ಅಂತ ಗುಂಡಿಗೆ ಹಚ್ಚಿದ ಮೇಣ ದಾರಿಯಲ್ಲೇ ಮುಗಿದಿರಬಹುದು.

ಈಗ ಅಳತೆ. ಬ್ಯಾರೆಲ್‌ಗೆ ಎಣ್ಣೆ ಸವರಿ, ರಂಧ್ರಕ್ಕಿಂತ ತುಸು ದಪ್ಪದ ಶುದ್ಧ ಸೀಸದ ತುಂಡನ್ನು ಹಿತ್ತಾಳೆ ಅಥವಾ ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ ಆಚೆ ದಾಟಿಸಿ. ಅದರ ಮೇಲೆ ಮೂಡಿದ ಗೆರೆಗಳಲ್ಲಿ ಅತಿ ದಪ್ಪ ಭಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಜಾಸ್ತಿ ಇರಬೇಕು. ಬ್ಯಾರೆಲ್ 0.357 ಇಂಚು ಬಂದರೆ ಗುಂಡು 0.358. ರಿವಾಲ್ವರ್‌ನಲ್ಲಿ ಸಿಲಿಂಡರ್‌ನ ಬಾಯಿಗಳನ್ನೂ ನೋಡಿ, ಅವು ಬ್ಯಾರೆಲ್‌ಗಿಂತ ಕಿರಿದಾದರೆ ಎಷ್ಟೇ ಸರಿ ಗುಂಡು ಹಾಕಿದರೂ ಹಿಂಡಿ ಸಣ್ಣದಾಗಿಯೇ ಹೊರಬರುತ್ತದೆ.

ಇನ್ನೊಂದು ಕಳ್ಳ ಇದೆ: ಕೇಸ್, ಅಂದರೆ ಮದ್ದು ತುಂಬಿ ಗುಂಡು ಕೂರಿಸುವ ಕೊಳವೆ. ಬಿಗಿಯಾದ ಹಿತ್ತಾಳೆ ಕೇಸ್‌ಗೆ ಒತ್ತಿದಾಗ ಮೆತ್ತನೆಯ ಗುಂಡು ಕುಗ್ಗುತ್ತದೆ, 9 ಎಂಎಂನಲ್ಲಂತೂ ಇದು ಮಾಮೂಲು. ತುಂಬಿದ ಒಂದು ಕೇಸ್‌ನಿಂದ ಗುಂಡನ್ನು ಪುಲ್ಲರ್‌ನಲ್ಲಿ (ಗುಂಡು ಕೀಳುವ ಸಾಧನ) ಹೊರತೆಗೆದು ಮತ್ತೆ ಅಳೆಯಿರಿ.

ಅಳತೆ ಎಲ್ಲಾ ಸರಿ ಇದ್ದರೆ ಮಾತ್ರ ಸೀಸದ ಮಿಶ್ರಣದ ಕಡೆ ಬನ್ನಿ. ಶುದ್ಧ ಸೀಸದ ಗಡಸುತನ ಬ್ರಿನೆಲ್ ಮಾಪನದಲ್ಲಿ ಸುಮಾರು 5, ವಾಹನದ ಚಕ್ರ ಸಮತೋಲನಕ್ಕೆ ಸಿಕ್ಕಿಸುವ ಹಳೆಯ ತೂಕದ ತುಂಡುಗಳ ಸೀಸ ಸುಮಾರು 12. ಮಾಮೂಲಿ ಹ್ಯಾಂಡ್‌ಗನ್ ವೇಗಕ್ಕೆ ಅದೇ ಸಾಕು. ತೀರಾ ಗಟ್ಟಿಯಾದರೆ ಗುಂಡು ಹಿಗ್ಗಿ ಸಂದಿ ಮುಚ್ಚುವುದಿಲ್ಲ, ಅಲ್ವಾ? ಗ್ಲಾಕ್ ಪಿಸ್ತೂಲು ಇದ್ದವರು ಮೊದಲು ಅದರ ಕೈಪಿಡಿ ಓದಲಿ, ಕಂಪನಿ ಬರಿ ಸೀಸದ ಗುಂಡು ಬೇಡ ಎನ್ನುತ್ತದೆ.

ಕೂತ ಸೀಸ ತೆಗೆಯಲು ಪಾತ್ರೆ ಉಜ್ಜುವ ಅಪ್ಪಟ ತಾಮ್ರದ ಜಾಲರಿಯ ಎಳೆಗಳನ್ನು ಹಳೆಯ ಬ್ರಷ್‌ಗೆ ಸುತ್ತಿ ತಿಕ್ಕಿ, ಚೂರುಚೂರಾಗಿ ಉದುರುತ್ತದೆ. ಕೊಳ್ಳುವ ಮುಂಚೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಲೇಪದ ಉಕ್ಕು, ಬ್ಯಾರೆಲ್ ಗೀಚುತ್ತದೆ. ವಿನೆಗರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವ ಉಪಾಯ ಮಾತ್ರ ಬೇಡವೇ ಬೇಡ, ಸೀಸ ಕರಗಿ ವಿಷದ ಲವಣವಾಗುತ್ತದೆ, ಉಕ್ಕೂ ಹಾಳು. ಉದುರಿದ ಚೂರನ್ನು ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ, ಸೋಪು ಹಚ್ಚಿ ಕೈ ತೊಳೆಯುವವರೆಗೆ ಕಾಫಿ ಲೋಟ ಮುಟ್ಟಬೇಡಿ.